ಬೆಳೆಯ ಬೆಂಗಾವಲಿನ ಕೀಟಗಳೂ ಕೀಟನಾಶಕಗಳೂ

ಬೀದರ ಪಟ್ಟಣದ ಕೆಂಪು ಜಂಬಿಟ್ಟಿಗೆಯ ದಿಬ್ಬವನ್ನು ಇಳಿದು ಜನವಾಡದ ಕಡೆಗೆ, ಅಲ್ಲಿಂದ ಮಾಂಜ್ರಾ ನದಿಯ ಬಯಲಿಗೆ ಸಾಗಿದರೆ ನೆಲದ ಬಣ್ಣ ಕಪ್ಪಾಗುತ್ತದೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಈ ಕಪ್ಪು ನೆಲದಲ್ಲಿ ತೊಗರಿ ಕಾಯಿ ಕಟ್ಟಿರುತ್ತದೆ, ಕಡಲೆ ಹೂವಿಗೆ ಬಂದಿರುತ್ತದೆ, ಹಿಂಗಾರಿ ಜೋಳ ತೆನೆ ತೆರೆಯುತ್ತಿರುತ್ತದೆ. ಅಂದು ಒಕ್ಕಲು ಮನೆಗಳವರು ಭಜ್ಜಿ, ಅಂಬಲಿ, ರೊಟ್ಟಿಗಳ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಪೂಜಿಸಿ, ಚರಗ ಚೆಲ್ಲಿ, ಬಂಧುಬಳಗದೊಡನೆ ಉಂಡು ಬರುವುದು ಬೀದರ, ಭಾಲ್ಕಿ, ಔರಾದ ಸೀಮೆಯ ತಲೆತಲಾಂತರದ ಪದ್ಧತಿ. ಉಣ್ಣಲು ಕುಳಿತ ಅದೇ ಹೊಲದಲ್ಲಿ ಉಳಿದ ಅತಿಥಿಗಳೂ ಉಣ್ಣುತ್ತಿರುತ್ತಾರೆ. ತೊಗರಿಯ ಕಾಯಿಗೆ ತೂತು ಕೊರೆದು ತಲೆ ಒಳಗಿಟ್ಟು, ಅರ್ಧ ಮೈ ಹೊರಗಿಟ್ಟು ಕಾಳು ತಿನ್ನುವ ಹಸಿರು ಕೀಡೆಯನ್ನು ಒಕ್ಕಲಿಗನು ದೂರದಿಂದಲೇ ಗುರುತಿಸಬಲ್ಲನು. ಆದರೆ ಅದೇ ಗಿಡದ ಎಲೆಯ ಮೇಲೆ ಆ ಕೀಡೆಯ ಮೊಟ್ಟೆಗಳನ್ನು ಹುಡುಕಿ ತಿನ್ನುತ್ತಿರುವ ಮತ್ತೊಂದು ಪುಟ್ಟ ಹುಳುವನ್ನು ಗುರುತಿಸುವವರು ವಿರಳ. ಗುರುತಿಸದ ಕಾರಣ ಎರಡಕ್ಕೂ ಒಂದೇ ಪಂಪಿನ ಔಷಧ ಬೀಳುತ್ತದೆ. ಈ ಎರಡನೆಯ ಹುಳುವಿನ ಗತಿ ಏನಾಗುತ್ತದೆ, ಅದರಿಂದ ಬೆಳೆಗೆ ಒದಗುವ ಪರಿಣಾಮವೇನು ಎಂಬುದೇ ಈ ಲೇಖನದ ವಿಷಯ.

ಹೊಲದ ಕೀಟಗಳೆಲ್ಲವೂ ಬೆಳೆಯ ಶತ್ರುಗಳಲ್ಲ. ಬೆಳೆಯನ್ನು ತಿನ್ನುವವು ಕೆಲವು. ಆ ತಿನ್ನುವವುಗಳನ್ನು ತಿಂದು ಬದುಕುವವು ಹಲವು. ಈ ಎರಡನೆಯ ಗುಂಪಿನಲ್ಲಿ ಮತ್ತೆ ಎರಡು ಬಗೆ. ಬೇಟೆಯನ್ನು ಹಿಡಿದು, ಕೊಂದು ತಿಂದು, ಇನ್ನೊಂದು ಬೇಟೆಗೆ ಹೋಗುವವು ಪರಭಕ್ಷಕಗಳು. ಪೀಡೆ ಕೀಟದ ಮೈಯಲ್ಲೋ ಮೊಟ್ಟೆಯಲ್ಲೋ ತಮ್ಮ ಮೊಟ್ಟೆಯನ್ನಿಟ್ಟು, ಮರಿ ಅದನ್ನು ಒಳಗಿನಿಂದ ತಿಂದು ಬೆಳೆಯುವಂತೆ ಮಾಡುವವು ಪರತಂತ್ರ ಜೀವಿಗಳು. ಇವು ಹೆಚ್ಚಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜಗಳು. ಪರಭಕ್ಷಕಗಳಾದರೋ ಕಣ್ಣಿಗೆ ಕಾಣುವಂಥವು. ಶಾಲೆಯ ಮಕ್ಕಳೂ ಗುರುತಿಸಬಹುದಾದಂಥವು.

ಎಲ್ಲರಿಗೂ ಪರಿಚಿತವಾದುದು ಗುಲಗಂಜಿ ಹುಳು. ಕೆಂಪು ಅಥವಾ ಕಿತ್ತಳೆ ಬಣ್ಣದ ಗುಂಡು ಬೆನ್ನು, ಅದರ ಮೇಲೆ ಕಪ್ಪು ಚುಕ್ಕೆ ಅಥವಾ ಅಂಕುಡೊಂಕು ಗೆರೆ. ನಮ್ಮ ಜೋಳ, ಕುಸುಬೆ, ತೊಗರಿ ಹೊಲಗಳಲ್ಲಿ ಏಳು ಚುಕ್ಕೆಯದೂ ಅಂಕುಡೊಂಕು ಗೆರೆಯದೂ ಸಾಮಾನ್ಯ. ಇದರ ಮರಿಹುಳು ಮಾತ್ರ ತಾಯಿಯನ್ನು ಸ್ವಲ್ಪವೂ ಹೋಲುವುದಿಲ್ಲ. ಅದು ಮೊಸಳೆಯ ಆಕಾರದ, ಬೂದುಗಪ್ಪು ಮೈಯ, ಹಳದಿ ಮಚ್ಚೆಗಳ ಒರಟು ಹುಳು. ಎಲೆಯ ಮೇಲೆ ಓಡಾಡುವ ಇದನ್ನು ಕಂಡ ಕೂಡಲೆ ಹೊಸದೊಂದು ಪೀಡೆ ಬಂದಿತೆಂದು ಔಷಧ ಹೊಡೆದವರುಂಟು. ವಾಸ್ತವವಾಗಿ ಈ ಮರಿಯೇ ತಾಯಿಗಿಂತ ಹೊಟ್ಟೆಬಾಕ. ಕೋಶಕ್ಕೆ ಹೋಗುವ ಮುನ್ನ ನೂರಾರು ಸಸ್ಯಹೇನುಗಳನ್ನು ಮುಗಿಸುತ್ತದೆ. ಹಿಂಗಾರಿಯಲ್ಲಿ ಕುಸುಬೆಯ ಕುಡಿಗೆ ಕಪ್ಪು ಹೇನು ಮುತ್ತಿದಾಗ ಈ ಹುಳುಗಳು ಎಲ್ಲಿಂದಲೋ ಬಂದು ನೆರೆಯುವುದನ್ನು ಹಳೆಯ ಒಕ್ಕಲಿಗರು ಬಲ್ಲರು. ಕುಸುಬೆಯ ಅಕ್ಕಡಿ ಸಾಲು ಹೊಲಗಳಿಂದ ಕಡಿಮೆಯಾಗುತ್ತ ಬಂದಂತೆ ಇವುಗಳ ಒಂದು ಅನ್ನಛತ್ರವೂ ಮುಚ್ಚಿದಂತಾಯಿತು.

ಎರಡನೆಯದು ಹಸಿರು ಜಾಲರೆಕ್ಕೆಯ ಕೀಟ. ತಿಳಿಹಸಿರು ಮೈ, ಬಲೆಯಂಥ ಪಾರದರ್ಶಕ ರೆಕ್ಕೆ, ಹೊಂಬಣ್ಣದ ಕಣ್ಣು. ರಾತ್ರಿ ದೀಪಕ್ಕೆ ಬರುತ್ತದೆ. ಇದು ಎಲೆಯ ಮೇಲೆ ಕೂದಲೆಳೆಯಂಥ ದಂಟಿನ ತುದಿಗೆ ಒಂದೊಂದೇ ಮೊಟ್ಟೆಯಿಡುತ್ತದೆ. ಮರಿಗಳು ತಮ್ಮತಮ್ಮೊಳಗೇ ಕಚ್ಚಾಡಿ ತಿನ್ನುವ ಸ್ವಭಾವದವು. ಮೊದಲು ಹೊರಬಂದುದು ಪಕ್ಕದ ಮೊಟ್ಟೆಯನ್ನೇ ತಿನ್ನದಿರಲೆಂದು ಪ್ರಕೃತಿ ಮಾಡಿದ ಏರ್ಪಾಡು ಇದು. ಇಕ್ಕಳದಂಥ ದವಡೆಯ ಈ ಮರಿಗೆ ಹೇನು, ಬಿಳಿನೊಣದ ಮರಿ, ಕಾಯಿಕೊರಕದ ಮೊಟ್ಟೆ ಮತ್ತು ಆಗತಾನೆ ಹೊರಬಂದ ಕೀಡೆ ಎಲ್ಲವೂ ಆಹಾರ. ಇವಲ್ಲದೆ ಜೇಡಗಳು (ಕೀಟಗಳಲ್ಲದಿದ್ದರೂ ಈ ಪಂಕ್ತಿಗೆ ಸೇರಿದವು), ಕೊಕ್ಕಿನಿಂದ ಚುಚ್ಚಿ ಹೀರುವ ಬೇಟೆ ತಿಗಣೆಗಳು, ಕೀಡೆಗಳನ್ನು ಹೊತ್ತೊಯ್ದು ಮಣ್ಣಿನ ಗೂಡಿನಲ್ಲಿ ಮರಿಗಳಿಗಿಡುವ ಕಡಜಗಳು, ಹೂವಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುವ, ಜೇನ್ನೊಣದಂತೆ ತೋರುವ ನೊಣಗಳು, ಇರುವೆಗಳು ಇವೆಲ್ಲವೂ ಕೂಲಿ ಕೇಳದ ಕಾವಲುಗಾರರೇ.

ಒಂದೇ ವಿಷ, ಎರಡು ಫಲ

ಕೀಟನಾಶಕವು ಪೀಡೆಯನ್ನೂ ಕಾವಲುಗಾರನನ್ನೂ ಸಮನಾಗಿ ಕೊಂದರೆ ಲೆಕ್ಕ ಸರಿಹೋಗಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಸರಿಹೋಗುವುದಿಲ್ಲ, ಮತ್ತು ಅದಕ್ಕೆ ಕಾರಣಗಳಿವೆ.

ಮೊದಲನೆಯದಾಗಿ ಸಂಖ್ಯೆ. ಬೇಟೆಗಿಂತ ಬೇಟೆಗಾರನ ಸಂಖ್ಯೆ ಯಾವಾಗಲೂ ಕಡಿಮೆ. ಸಿಂಪರಣೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಎರಡೂ ಸತ್ತುವೆಂದು ಎಣಿಸೋಣ. ಸಾವಿರ ಹೇನುಗಳಲ್ಲಿ ನೂರು ಉಳಿದವು; ಹತ್ತು ಗುಲಗಂಜಿ ಹುಳುಗಳಲ್ಲಿ ಒಂದು ಉಳಿಯಿತು. ಹೆಣ್ಣು ಹೇನಿಗೆ ಗಂಡಿನ ಅವಶ್ಯಕತೆಯಿಲ್ಲ, ಮೊಟ್ಟೆಯಿಡುವ ವಿಳಂಬವೂ ಇಲ್ಲ. ನೇರವಾಗಿ ಮರಿ ಹಾಕುತ್ತದೆ, ಆ ಮರಿ ವಾರದೊಳಗೆ ತಾಯಿಯಾಗುತ್ತದೆ. ಒಂಟಿ ಉಳಿದ ಗುಲಗಂಜಿ ಹುಳು ಜೊತೆಗಾರನನ್ನು ಹುಡುಕಬೇಕು, ಮೊಟ್ಟೆಯಿಡಬೇಕು, ಅವು ಮರಿಯಾಗಿ ಕೋಶವಾಗಿ ಹುಳುವಾಗಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಹೇನಿನ ಸಂಸಾರ ಮೊದಲಿಗಿಂತ ದೊಡ್ಡದಾಗಿರುತ್ತದೆ. ಅಷ್ಟೇ ಅಲ್ಲ, ಸಿಂಪರಣೆಯಾದ ಕೂಡಲೆ ಹೊಲದಲ್ಲಿ ಆಹಾರ ಸಾಲದೆ ಉಳಿದ ಆ ಒಂದು ಹುಳುವೂ ಬೇರೆಡೆಗೆ ಹಾರಿಹೋಗಬಹುದು.

ಎರಡನೆಯದು ನಡವಳಿಕೆ. ಕಾಯಿಕೊರಕವು ಕಾಯೊಳಗೆ ಅವಿತಿರುತ್ತದೆ. ಹೇನು ಎಲೆಯ ಕೆಳಗೆ ಒಂದೆಡೆ ಕೊಂಡಿಯೂರಿ ಕುಳಿತಿರುತ್ತದೆ. ಬೇಟೆಗಾರನು ಹಾಗೆ ಕುಳಿತರೆ ಉಪವಾಸ. ಅದು ಎಲೆಯಿಂದ ಎಲೆಗೆ, ಗಿಡದಿಂದ ಗಿಡಕ್ಕೆ ಅಲೆಯುತ್ತಲೇ ಇರಬೇಕು. ಅಲೆದಷ್ಟೂ ಒಣಗಿದ ಔಷಧದ ಲೇಪ ಕಾಲಿಗೆ, ಹೊಟ್ಟೆಗೆ ಅಂಟುತ್ತದೆ. ಜೊತೆಗೆ ವಿಷವುಂಡ ಬೇಟೆಯನ್ನು ತಿಂದೂ ಅದು ಸಾಯಬಹುದು.

ಮೂರನೆಯದು ಸೂಕ್ಷ್ಮವಾದ ಸಂಗತಿ. ಸಸ್ಯಗಳು ತಮ್ಮ ರಕ್ಷಣೆಗಾಗಿ ಎಲೆ ತೊಗಟೆಗಳಲ್ಲಿ ಕಹಿಯನ್ನೂ ವಿಷವನ್ನೂ ತಯಾರಿಸಿಕೊಳ್ಳುತ್ತವೆ. ಅವನ್ನು ತಿಂದು ಅರಗಿಸಿಕೊಳ್ಳುತ್ತ ಬಂದ ಪೀಡೆ ಕೀಟಗಳ ದೇಹದಲ್ಲಿ ವಿಷವನ್ನು ಒಡೆಯುವ ಕಿಣ್ವಗಳು ಲಕ್ಷಾಂತರ ವರ್ಷಗಳಿಂದ ಪಳಗಿವೆ. ಮಾಂಸಾಹಾರಿ ಕೀಟಕ್ಕೆ ಈ ಅಭ್ಯಾಸ ಕಡಿಮೆ. ಆದ್ದರಿಂದ ಹೊಸ ಔಷಧಕ್ಕೆ ನಿರೋಧಶಕ್ತಿ ಗಳಿಸಿಕೊಳ್ಳುವ ಓಟದಲ್ಲಿ ಪೀಡೆಯೇ ಸಾಮಾನ್ಯವಾಗಿ ಮುಂದಿರುತ್ತದೆ. ಸಾಯದೆ ಉಳಿದ ಪರಭಕ್ಷಕಗಳಿಗೂ ಬಾಧೆ ತಪ್ಪದು: ಮೊಟ್ಟೆಗಳ ಸಂಖ್ಯೆ ಕುಗ್ಗುವುದು, ಬೇಟೆಯ ಚುರುಕು ಕುಂದುವುದು, ಆಯುಷ್ಯ ಕಡಿಮೆಯಾಗುವುದು ಪ್ರಯೋಗಶಾಲೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಸತ್ತ ಹುಳುಗಳನ್ನಷ್ಟೇ ಎಣಿಸುವವರಿಗೆ ಈ ನಷ್ಟ ಕಾಣುವುದಿಲ್ಲ.

ಹೀಗೆ ಔಷಧ ಹೊಡೆದ ಕೆಲವೇ ವಾರಗಳಲ್ಲಿ ಪೀಡೆ ಮೊದಲಿಗಿಂತ ಹೆಚ್ಚಾಗಿ ಮರಳುವುದನ್ನು ವಿಜ್ಞಾನಿಗಳು ಪೀಡೆಯ ಪುನರುತ್ಥಾನವೆನ್ನುತ್ತಾರೆ. ಇನ್ನೊಂದು ಪರಿಣಾಮ ಇದಕ್ಕಿಂತ ವಿಚಿತ್ರ. ಅದುವರೆಗೆ ಲೆಕ್ಕಕ್ಕೇ ಇಲ್ಲದಿದ್ದ ಕೀಟವೊಂದು, ಅದನ್ನು ಅಂಕೆಯಲ್ಲಿಟ್ಟಿದ್ದ ಬೇಟೆಗಾರರು ಇಲ್ಲವಾದ ಮೇಲೆ ದೊಡ್ಡ ಪೀಡೆಯಾಗಿ ತಲೆಯೆತ್ತುತ್ತದೆ. ಕೆಂಪು ನುಸಿಯೂ ಬಿಳಿನೊಣವೂ ಹೀಗೆ ಬಡ್ತಿ ಪಡೆದ ಪೀಡೆಗಳಿಗೆ ಉದಾಹರಣೆ.

ಗುಲಗಂಜಿ ಹುಳುವಿನ ಒಂದು ಹಳೆಯ ಕಥೆ

ಈ ವಿಷಯದ ಪಾಠವನ್ನು ಜಗತ್ತಿಗೆ ಮೊದಲು ಕಲಿಸಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಸ್ಟ್ರೇಲಿಯದಿಂದ ಸಸಿಗಳೊಡನೆ ಬಂದ ಹತ್ತಿಯಂಥ ಬಿಳಿ ಶಲ್ಕ ಕೀಟ ಅಲ್ಲಿನ ತೋಟಗಳನ್ನು ನಾಶದ ಅಂಚಿಗೆ ತಂದಿತು. 1888ರಲ್ಲಿ ಆಲ್ಬರ್ಟ್ ಕೋಬೆಲ್ ಎಂಬ ಕೀಟತಜ್ಞನನ್ನು ಆಸ್ಟ್ರೇಲಿಯಕ್ಕೆ ಕಳುಹಿಸಲಾಯಿತು. ಆತ ಅಲ್ಲಿಂದ ಕಳುಹಿಸಿದ ವೆಡಾಲಿಯಾ ಎಂಬ ಗುಲಗಂಜಿ ಹುಳುಗಳು ಕೆಲವೇ ನೂರು. ಎರಡು ವರ್ಷ ತುಂಬುವುದರೊಳಗೆ ಪೀಡೆ ತೋಟಗಳಿಂದ ಹೆಚ್ಚುಕಡಿಮೆ ಮಾಯವಾಯಿತು. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿನ ಬೆಳೆಗಾರರು ಆ ಕೀಟದ ಚಿಂತೆಯನ್ನೇ ಮರೆತಿದ್ದರು.

ಎರಡನೆಯ ಮಹಾಯುದ್ಧ ಮುಗಿದ ತರುವಾಯ ಡಿಡಿಟಿ ಹೊಲಗಳಿಗೆ ಬಂದಿತು. ಅದರ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಪಾಲ್ ಮ್ಯುಲ್ಲರ್‌ಗೆ 1948ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು. ಮಲೇರಿಯ, ಟೈಫಸ್‌ಗಳಿಂದ ಅಸಂಖ್ಯ ಜನರನ್ನು ಉಳಿಸಿದ ಔಷಧವದು ಎಂಬುದನ್ನೂ ಮರೆಯಬಾರದು. ಕ್ಯಾಲಿಫೋರ್ನಿಯಾದ ಬೆಳೆಗಾರರು ಬೇರೆ ಪೀಡೆಗಳಿಗಾಗಿ ತೋಟಗಳಿಗೆ ಡಿಡಿಟಿ ಹೊಡೆದರು. ವೆಡಾಲಿಯಾ ಸತ್ತಿತು, ಶಲ್ಕ ಕೀಟ ಸಾಯಲಿಲ್ಲ. ಐದಾರು ದಶಕ ಅಡಗಿದ್ದ ಬಿಳಿ ಪೀಡೆ ಮತ್ತೆ ಟೊಂಗೆಗಳನ್ನು ಆವರಿಸಿತು. ಬೆಳೆಗಾರರು ಡಿಡಿಟಿಯನ್ನು ಬಿಟ್ಟು, ಗುಲಗಂಜಿ ಹುಳುಗಳನ್ನು ಹಣ ತೆತ್ತು ತರಿಸಿ ಬಿಡಬೇಕಾಯಿತು. ಪುಕ್ಕಟೆ ದೊರೆತ ಸೇವೆಯ ಬೆಲೆ ಅದು ನಿಂತ ಮೇಲೆಯೇ ತಿಳಿಯುವುದು ಲೋಕದ ರೂಢಿ.

ಇದೇ ಶಲ್ಕ ಕೀಟ 1928ರ ಸುಮಾರಿಗೆ ನೀಲಗಿರಿಯಲ್ಲಿ ಕಾಣಿಸಿಕೊಂಡಾಗ ಭಾರತಕ್ಕೂ ವೆಡಾಲಿಯಾವನ್ನು ತರಲಾಯಿತು. ಇಲ್ಲಿಯೂ ಅದು ನೆಲೆಸಿತು. ಅದಕ್ಕೂ ಮುಂಚೆ, 1898ರಲ್ಲಿ, ಕಾಫಿಯ ಹಸಿರು ಶಲ್ಕ ಕೀಟದ ನಿವಾರಣೆಗೆಂದು ಆಸ್ಟ್ರೇಲಿಯದಿಂದ ಇನ್ನೊಂದು ಗುಲಗಂಜಿ ಹುಳು, ಕ್ರಿಪ್ಟೋಲೀಮಸ್, ದಕ್ಷಿಣ ಭಾರತಕ್ಕೆ ಬಂದಿತ್ತು. ತಂದ ಉದ್ದೇಶಕ್ಕೆ ಅದು ಒದಗಲಿಲ್ಲ. ಆದರೆ ನಾಡಿನಲ್ಲಿ ಉಳಿದುಕೊಂಡು, ಮುಂದೆ ಕರ್ನಾಟಕದ ದ್ರಾಕ್ಷಿ, ಪೇರಲ, ಕಿತ್ತಳೆ ತೋಟಗಳ ಹಿಟ್ಟು ತಿಗಣೆಗೆ ದೊಡ್ಡ ವೈರಿಯಾಯಿತು. ಬೆಂಗಳೂರಿನಲ್ಲಿ 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಆರಂಭವಾದುದು, 1993ರಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ ರೂಪುಗೊಂಡುದು, ಅದೇ ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಾಗಿ ನಡೆಯುತ್ತಿರುವುದು ಈ ವಿದ್ಯೆಗೆ ಕರ್ನಾಟಕ ಒಂದು ತವರಾಗಿರುವುದರ ಕುರುಹು.

ತೊಗರಿ ನಾಡಿನ ಅನುಭವ

ಈಗ ನಮ್ಮ ಸೀಮೆಗೆ ಬರೋಣ. ತೊಗರಿಯ ಕಾಯಿಕೊರಕ ನೂರೆಂಬತ್ತಕ್ಕೂ ಹೆಚ್ಚು ಬಗೆಯ ಸಸ್ಯಗಳನ್ನು ತಿಂದು ಬದುಕಬಲ್ಲ ಕೀಟ. ಹತ್ತಿ, ತೊಗರಿ, ಕಡಲೆ, ಟೊಮೆಟೊ, ಸೂರ್ಯಕಾಂತಿ ಎಲ್ಲವೂ ಅದರ ಊಟದ ಪಂಕ್ತಿಯಲ್ಲಿವೆ. ಒಂದು ಹೆಣ್ಣು ಪತಂಗ ಸಾವಿರದಷ್ಟು ಮೊಟ್ಟೆಯಿಡಬಲ್ಲದು. 1980ರ ದಶಕದ ಆರಂಭದಲ್ಲಿ ಸಿಂಥೆಟಿಕ್ ಪೈರಿಥ್ರಾಯ್ಡ್ ಎಂಬ ಹೊಸ ವರ್ಗದ ಔಷಧಗಳು ಬಂದಾಗ ರೈತರಿಗೆ ಅವು ವರವೆನಿಸಿದವು. ಸ್ವಲ್ಪವೇ ಹೊಡೆದರೂ ಕೀಡೆ ತಕ್ಷಣ ಉದುರುತ್ತಿತ್ತು. ಗುಲಗಂಜಿ ಹುಳುವೂ ಉದುರುತ್ತಿತ್ತು; ಅದನ್ನು ಗಮನಿಸಿದವರು ಕಡಿಮೆ. 1987ರಲ್ಲಿ ಆಂಧ್ರದ ಕರಾವಳಿಯ ಹತ್ತಿ ಹೊಲಗಳಲ್ಲಿ ಪೈರಿಥ್ರಾಯ್ಡ್ ಹೊಡೆದರೂ ಕೀಡೆ ಸಾಯದಾಯಿತು. ಅದೇ ವರ್ಷಗಳಲ್ಲಿ ಬಿಳಿನೊಣವೂ ಹತ್ತಿಗೆ ಮುತ್ತಿತು. ನಿರೋಧಶಕ್ತಿ ಪಡೆದ ಪತಂಗಕ್ಕೆ ಜಿಲ್ಲೆ, ರಾಜ್ಯಗಳ ಗಡಿಯಿಲ್ಲ.

1997-98ರ ಹಂಗಾಮನ್ನು ಬೀದರ ಜಿಲ್ಲೆಯ ಹಿರಿಯರು ಮರೆತಿಲ್ಲ. ಅಕಾಲದ ಮಳೆ, ಮೋಡ ಕವಿದ ವಾತಾವರಣ, ತೊಗರಿಗೆ ಕಾಯಿಕೊರಕದ ಭೀಕರ ಹಾವಳಿ. ಸಾಲ ತಂದು ಮತ್ತೆ ಮತ್ತೆ ಹೊಡೆದ ಔಷಧ ಕೆಲಸ ಮಾಡಲಿಲ್ಲ. ಆ ವರ್ಷ ಜಿಲ್ಲೆಯ ಹಲವು ರೈತರು ಪ್ರಾಣ ಕಳೆದುಕೊಂಡ ಸುದ್ದಿ ನಾಡಿಗೆಲ್ಲ ಹಬ್ಬಿತು. ಸಾಮಾಜಿಕ ಮಾನವಶಾಸ್ತ್ರಜ್ಞೆ ಎ. ಆರ್. ವಾಸವಿ ಅವರು 1999ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಬೀದರಿನ ಈ ಸಂಕಟವನ್ನು ಕುರಿತು ಬರೆದ ಅಧ್ಯಯನ ಪ್ರಸಿದ್ಧವಾಗಿದೆ. ಕೀಟವೊಂದೇ ಅದಕ್ಕೆ ಕಾರಣವೆಂದು ಹೇಳುವುದು ಸರಿಯಾಗದು. ಮಾರುಕಟ್ಟೆ, ಸಾಲ, ಸರಕಾರದ ನೀತಿ ಎಲ್ಲವೂ ಅದರಲ್ಲಿ ಹೆಣೆದುಕೊಂಡಿದ್ದವು. ಆದರೆ ಔಷಧದಂಗಡಿಯ ಮಾತೊಂದೇ ರೈತನಿಗೆ ದೊರೆತ ಸಲಹೆಯಾದರೆ, ಔಷಧ ಸೋತ ದಿನ ಅವನು ಎಷ್ಟು ಒಂಟಿಯಾಗುತ್ತಾನೆ ಎಂಬುದು ಆಗ ಗೋಚರವಾಯಿತು. ಔಷಧ ಹೊಡೆಯಬೇಡಿ ಎಂದು ನೆರಳಿನಲ್ಲಿ ಕುಳಿತು ಹೇಳುವವರು ಈ ವರ್ಷವನ್ನು ನೆನಪಿನಲ್ಲಿಟ್ಟುಕೊಂಡು ಮಾತನಾಡಬೇಕು. ಕಣ್ಣೆದುರಿಗೆ ಕಾಯಿ ತೂತಾಗುತ್ತಿರುವಾಗ ಕೈಕಟ್ಟಿ ನಿಲ್ಲುವುದು ಸಾಮಾನ್ಯ ಧೈರ್ಯವಲ್ಲ.

ತೊಗರಿಯ ವಿಷಯದಲ್ಲಿ ಇನ್ನೊಂದು ಸತ್ಯವನ್ನೂ ಹೇಳಬೇಕು. ಮಿತ್ರ ಕೀಟಗಳು ಎಲ್ಲ ಬೆಳೆಯಲ್ಲಿಯೂ ಸಮನಾಗಿ ಕೆಲಸ ಮಾಡವು. ಕಾಯಿಕೊರಕದ ಮೊಟ್ಟೆಗಳನ್ನು ನಾಶಮಾಡಲು ಬೇರೆ ಬೆಳೆಗಳಲ್ಲಿ ಬಿಡುವ ಟ್ರೈಕೋಗ್ರಾಮ ಎಂಬ ಪುಟ್ಟ ಕಣಜವು ತೊಗರಿಯ ಹೂ ಕಾಯಿಗಳ ಅಂಟುರೋಮಗಳಿಂದಾಗಿ ಅಲ್ಲಿ ಸೋಲುತ್ತದೆ. ಕಡಲೆಯ ಎಲೆಗಳ ಹುಳಿ ಸ್ರಾವವೂ ಅದಕ್ಕೆ ಒಗ್ಗದು. ಬೀದರಿನಿಂದ ನೂರು ಕಿಲೋಮೀಟರಿನಷ್ಟು ದೂರದಲ್ಲಿರುವ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ಅಧ್ಯಯನಗಳಲ್ಲಿ ಇದು ವ್ಯಕ್ತವಾಯಿತು. ಹಾಗಾಗಿ ತೊಗರಿಯಲ್ಲಿ ಜೇಡ, ಜಾಲರೆಕ್ಕೆ, ಗುಲಗಂಜಿ ಹುಳು, ಕಡಜ ಹಾಗೂ ಹಕ್ಕಿಗಳ ಪಾಲು ಇನ್ನಷ್ಟು ಬೆಲೆಯುಳ್ಳದ್ದು. ಇರುವ ಕೆಲವೇ ಕಾವಲುಗಾರರನ್ನೂ ಮೊದಲ ಸಿಂಪರಣೆಯಲ್ಲೇ ಕಳೆದುಕೊಂಡರೆ ಉಳಿಯುವುದು ಪಂಪು ಮಾತ್ರ.

ಇದೇ ಸೀಮೆಯ ರೈತರ ಒಂದು ಉಪಾಯ ವಿಜ್ಞಾನಿಗಳ ಮೆಚ್ಚಿಗೆಯನ್ನು ಗಳಿಸಿತು. ಹೊಲದ ಸಾಲುಗಳ ನಡುವೆ ಗೋಣಿತಟ್ಟನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಎಳೆದುಕೊಂಡು ಹೋಗುತ್ತ, ಎರಡೂ ಬದಿಯ ತೊಗರಿ ಗಿಡಗಳನ್ನು ಹದವಾಗಿ ಅಲುಗಾಡಿಸುವುದು. ಕಾಯಿಗೆ ಕಚ್ಚಿಕೊಂಡ ಕೀಡೆಗಳು ಹಾಳೆಯ ಮೇಲೆ ಉದುರುತ್ತವೆ. ಆರಿಸಿ ಕೊಲ್ಲಬಹುದು, ಕೋಳಿಗಳಿಗೂ ಹಾಕಬಹುದು. ಸರಿಯಾಗಿ ಮಾಡಿದರೆ ಬಹುಪಾಲು ಕೀಡೆಗಳು ಉದುರುತ್ತವೆಂಬುದು ಪರೀಕ್ಷೆಗಳಲ್ಲಿ ಸಿದ್ಧವಾಗಿ, ಕಲಬುರ್ಗಿ ಸೀಮೆಯ ಕೃಷಿ ವಿಜ್ಞಾನಿಗಳೂ ಇಕ್ರಿಸ್ಯಾಟಿನವರೂ ಇದನ್ನು ಬೇರೆ ಭಾಗಗಳಿಗೂ ಶಿಫಾರಸು ಮಾಡಿದರು. ಈ ಪದ್ಧತಿಯ ದೊಡ್ಡ ಗುಣವೆಂದರೆ ಉದುರಿದ ಜೇಡವೂ ಗುಲಗಂಜಿ ಹುಳುವೂ ಹಾಳೆಯಿಂದ ಎದ್ದು ಹೊಲಕ್ಕೇ ಹಿಂದಿರುಗುತ್ತವೆ. ಕೂಲಿಯಾಳು ದುಬಾರಿಯಾದ ಈ ಕಾಲದಲ್ಲಿ ದೊಡ್ಡ ಹಿಡುವಳಿಗೆ ಇದು ಸುಲಭವಲ್ಲ. ಮನೆಮಂದಿಯೇ ದುಡಿಯುವ ಎರಡು ಮೂರು ಎಕರೆಯ ಹೊಲಕ್ಕೆ ಈಗಲೂ ಸಲ್ಲುತ್ತದೆ.

ಕಬ್ಬಿಗೆ ಬಂದ ಬಿಳಿ ಉಣ್ಣೆ ಹೇನು

ಪರಭಕ್ಷಕಗಳ ಪ್ರತಾಪವನ್ನು ಉತ್ತರ ಕರ್ನಾಟಕ ಕಣ್ಣಾರೆ ಕಂಡದ್ದು ಕಬ್ಬಿನಲ್ಲಿ. ಈಶಾನ್ಯ ಭಾರತದಲ್ಲಿ ಮೊದಲೇ ತಿಳಿದಿದ್ದ ಬಿಳಿ ಉಣ್ಣೆ ಹೇನು 2002ರಲ್ಲಿ ಮಹಾರಾಷ್ಟ್ರದ ಸಾಂಗಲಿ ಭಾಗದಲ್ಲಿ ಕಾಣಿಸಿ, ಅದೇ ವರ್ಷ ಕೃಷ್ಣಾ ತೀರದ ಕರ್ನಾಟಕದ ಕಬ್ಬಿಗೂ ದಾಟಿತು. ಎಲೆಯ ಕೆಳಮೈಯಲ್ಲಿ ಹತ್ತಿ ಹರಡಿದಂತೆ ಬಿಳಿ ಮೇಣ. ಅದರಡಿ ಸಾವಿರಾರು ಹೇನು. ಅವು ಸುರಿಸುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆದು ಹೊಲವೇ ಮಸಿ ಬಳಿದಂತಾಗುತ್ತಿತ್ತು. ಕಬ್ಬಿನ ತೂಕವೂ ಇಳಿಯಿತು, ಸಕ್ಕರೆಯ ಇಳುವರಿಯೂ ಇಳಿಯಿತು. ಎರಡು ವರ್ಷಗಳಲ್ಲಿ ಉತ್ತರ ಕರ್ನಾಟಕದ ಕಬ್ಬಿನ ಜಿಲ್ಲೆಗಳಲ್ಲೆಲ್ಲ ಅದರ ಮಾತೇ ಮಾತು.

ಮೊದಲ ಪ್ರತಿಕ್ರಿಯೆ ಎಂದಿನಂತೆ ಔಷಧ. ಮೆಲಾಥಿಯಾನ್ ಪುಡಿ, ಕ್ಲೋರ್‌ಪೈರಿಫಾಸ್ ಮುಂತಾದ ದ್ರಾವಣಗಳು ಧಾರಾಳವಾಗಿ ಬಳಕೆಯಾದವು. ಆದರೆ ಆರು ತಿಂಗಳು ಮೀರಿದ ಕಬ್ಬಿನೊಳಗೆ ಪಂಪು ಹೊತ್ತು ನಡೆಯುವುದೇ ದುಸ್ತರ. ಹೇನಿರುವುದು ಎಲೆಯ ಕೆಳಗೆ. ಔಷಧ ಬೀಳುವುದು ಎಲೆಯ ಮೇಲೆ. ನಡುವೆ ಮೇಣದ ಹೊದಿಕೆ. ಹೊಡೆದ ಹೊಲ ಕೆಲವು ದಿನ ಸ್ವಚ್ಛವಾಗಿ ಕಂಡು ಮತ್ತೆ ಬಿಳಿಯಾಗುತ್ತಿತ್ತು.

ಅಷ್ಟರಲ್ಲಿ ಕೀಟತಜ್ಞರ ಕಣ್ಣಿಗೆ ಬೇರೊಂದು ದೃಶ್ಯ ಬಿದ್ದಿತ್ತು. ಹೇನಿನ ಗುಂಪಿನ ನಡುವೆ ತೆಳುವಾದ ರೇಷ್ಮೆಯ ಬಲೆ ಹೆಣೆದುಕೊಂಡು, ಅದರೊಳಗಿನಿಂದಲೇ ಹೇನುಗಳನ್ನು ತಿನ್ನುತ್ತ ಸಾಗುವ ಒಂದು ಕಂಬಳಿಹುಳು. ಇದೇ ಡೈಫಾ. ಪತಂಗದ ಮರಿಹುಳು ಮಾಂಸಾಹಾರಿಯಾಗಿರುವುದು ಕೀಟಲೋಕದಲ್ಲಿ ಅಪರೂಪ; ಕಂಬಳಿಹುಳುವೆಂದರೆ ಎಲೆ ತಿನ್ನುವ ಶತ್ರುವೆಂದೇ ಎಲ್ಲರ ಎಣಿಕೆ. ಅದರೊಡನೆ ಮೈಕ್ರೋಮಸ್ ಎಂಬ ಕಂದು ಜಾಲರೆಕ್ಕೆಯ ಕೀಟ, ಮತ್ತು ಹೂವಿನ ಮೇಲೆ ತೇಲುವ ನೊಣದ ಮರಿಗಳು. ಈ ಮೂವರು ಬೇಟೆಗಾರರು ಯಾರೂ ಕರೆಯದೆ ಬಂದು ಸೇರಿದ್ದರು. ಔಷಧ ಹೊಡೆಯದ ಹೊಲಗಳಲ್ಲಿ ಅವುಗಳ ಸಂಖ್ಯೆ ಏರಿದಂತೆ ಹೇನು ಇಳಿಯುತ್ತಿತ್ತು; ಹೊಡೆದ ಹೊಲಗಳಲ್ಲಿ ಬೇಟೆಗಾರರೇ ಇರುತ್ತಿರಲಿಲ್ಲ.

ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಬೆಂಗಳೂರಿನ ಜೈವಿಕ ನಿಯಂತ್ರಣ ನಿರ್ದೇಶನಾಲಯ, ಕೃಷಿ ಇಲಾಖೆ ಮತ್ತು ಸಕ್ಕರೆ ಕಾರ್ಖಾನೆಗಳು ಆಗ ಕೈಗೊಂಡ ಕಾರ್ಯ ಸ್ಮರಣೀಯ. ಪರಭಕ್ಷಕಗಳಿರುವ ಹೊಲದಲ್ಲಿ ಔಷಧ ಹೊಡೆಯದಿರುವಂತೆ ರೈತರ ಮನವೊಲಿಸಲಾಯಿತು. ಡೈಫಾ ಮತ್ತು ಮೈಕ್ರೋಮಸ್‌ಗಳ ಮರಿ ಹಾಗೂ ಕೋಶಗಳಿರುವ ಎಲೆಯ ತುಂಡುಗಳನ್ನು ಕತ್ತರಿಸಿ ಹೊಸದಾಗಿ ಹೇನು ಬಿದ್ದ ಹೊಲಗಳ ಎಲೆಗಳಿಗೆ ಕಟ್ಟುವ ಸರಳ ವಿಧಾನ ಹಬ್ಬಿತು. ನೆರಳು ಪರದೆಯ ಮನೆಯೊಳಗೆ ಕಬ್ಬು ಬೆಳೆಸಿ, ಹೇನು ಬಿಟ್ಟು, ಅದರ ಮೇಲೆ ಈ ಮಿತ್ರ ಕೀಟಗಳನ್ನು ಸಾಕಿ ಹಂಚಲಾಯಿತು. ಮುಂದೆ ಈಶಾನ್ಯ ರಾಜ್ಯಗಳಿಂದ ಎನ್ಕಾರ್ಸಿಯಾ ಎಂಬ ಪರತಂತ್ರ ಕಣಜವನ್ನೂ ತಂದು ಬಿಡಲಾಗಿ ಅದೂ ನೆಲೆಗೊಂಡಿತು. ಕೆಲವೇ ವರ್ಷಗಳಲ್ಲಿ ಉಣ್ಣೆ ಹೇನು ಬೆಳೆಗಾರನ ನಿದ್ರೆಗೆಡಿಸುವ ಪೀಡೆಯಾಗಿ ಉಳಿಯಲಿಲ್ಲ. ಈಗಲೂ ಅಲ್ಲಲ್ಲಿ ಕಾಣುತ್ತದೆ. ಕಂಡಲ್ಲಿ ಅದರ ಹಿಂದೆಯೇ ಡೈಫಾವೂ ಕಾಣುತ್ತದೆ.

ಅಂದು ಬಲೆ ಕಟ್ಟಿದ ಕಂಬಳಿಹುಳುವನ್ನು ಕಂಡು ಹೇನಿನ ಜೊತೆಗೆ ಇನ್ನೊಂದು ಪೀಡೆಯೆಂದು ಹೆದರಿ, ಅದಕ್ಕಾಗಿಯೇ ಬೇರೆ ಔಷಧ ಕೇಳಿದ ರೈತರಿದ್ದರೆ ಅವರನ್ನು ನಗಲಾಗದು. ಅದನ್ನು ತೋರಿಸಿಕೊಟ್ಟವರು ಯಾರೂ ಇರಲಿಲ್ಲ.

ಔಷಧವನ್ನು ಬಳಸಲೇಬೇಕಾದಾಗ

ಔಷಧವನ್ನು ಪೂರ್ತಿ ತ್ಯಜಿಸುವುದು ಎಲ್ಲ ಬೆಳೆಗೂ ಎಲ್ಲ ಕಾಲಕ್ಕೂ ಸಾಧ್ಯವಾಗಲಿಕ್ಕಿಲ್ಲ. 1959ರಲ್ಲಿ ಕ್ಯಾಲಿಫೋರ್ನಿಯಾದ ನಾಲ್ವರು ಕೀಟವಿಜ್ಞಾನಿಗಳು ಮಂಡಿಸಿದ ವಿಚಾರ ಈಗಿನ ಸಮಗ್ರ ಪೀಡೆ ನಿರ್ವಹಣೆಯ ತಳಹದಿ. ಪೀಡೆ ಇದೆಯೇ ಎಂಬುದು ಪ್ರಶ್ನೆಯಲ್ಲ, ಅದು ಮಾಡುವ ನಷ್ಟ ಔಷಧದ ಖರ್ಚಿಗಿಂತ ಹೆಚ್ಚಾಗುವ ಮಟ್ಟಕ್ಕೆ ಏರುತ್ತಿದೆಯೇ ಎಂಬುದೇ ಪ್ರಶ್ನೆ ಎಂದು ಅವರು ತೋರಿಸಿದರು. ಭಾರತ ಸರಕಾರ 1985ರಲ್ಲಿ ಇದನ್ನು ತನ್ನ ಸಸ್ಯಸಂರಕ್ಷಣೆಯ ನೀತಿಯಾಗಿ ಒಪ್ಪಿತು. ಇಂಡೋನೇಶಿಯ ಮರುವರ್ಷವೇ ಇನ್ನೂ ದಿಟ್ಟ ಹೆಜ್ಜೆಯಿಟ್ಟು, ಭತ್ತದ ಕಂದು ಜಿಗಿಹುಳು ಔಷಧದಿಂದಲೇ ಹೆಚ್ಚುತ್ತಿದೆಯೆಂದು ಮನಗಂಡು, 57 ಕೀಟನಾಶಕಗಳನ್ನು ಭತ್ತದ ಗದ್ದೆಗಳಿಂದ ನಿಷೇಧಿಸಿತು.

ನಮ್ಮ ತೊಗರಿಗೆ ಅನ್ವಯಿಸಿ ಹೇಳುವುದಾದರೆ, ಹೂಬಿಡುವ ಕಾಲಕ್ಕೆ ಹೊಲದ ಬೇರೆ ಬೇರೆ ಕಡೆಯ ಗಿಡಗಳನ್ನು ನೋಡಿ ಗಿಡಕ್ಕೆ ಸರಾಸರಿ ಒಂದೆರಡು ಮೊಟ್ಟೆ ಅಥವಾ ಒಂದು ಸಣ್ಣ ಕೀಡೆ ಕಂಡ ಮೇಲೆಯೇ ಕ್ರಮಕ್ಕೆ ಇಳಿಯಬೇಕು. ಆಗಲೂ ಮೊದಲು ಬೇವಿನ ಬೀಜದ ಶೇಕಡಾ 5ರ ಕಷಾಯ, ಕಾಯಿಕೊರಕಕ್ಕೆ ಮಾತ್ರ ರೋಗ ತರುವ ಎನ್.ಪಿ.ವಿ. ನಂಜಾಣು ದ್ರಾವಣ, ಇಲ್ಲವೆ ಅಲುಗಾಡಿಸುವ ಪದ್ಧತಿ. ನಂಜಾಣುವನ್ನು ಬಿಸಿಲು ಇಳಿದ ಸಂಜೆ, ಕೀಡೆಗಳು ಸಣ್ಣವಿರುವಾಗ ಹೊಡೆದರೆ ಮಾತ್ರ ಫಲ. ಬೆರಳುದ್ದದ ಕೀಡೆಗೆ ಅದು ನಾಟುವುದಿಲ್ಲ. ರಾಸಾಯನಿಕವೇ ಬೇಕಾದರೆ ಒಂದೇ ವರ್ಗದ್ದನ್ನು ಮತ್ತೆ ಮತ್ತೆ ಹೊಡೆಯಬಾರದು. ಎರಡು ಮೂರು ಔಷಧಗಳನ್ನು ಒಂದೇ ಡಬ್ಬಿಯಲ್ಲಿ ಕಲಸಿ ಹೊಡೆಯುವ ದುರಭ್ಯಾಸವಂತೂ ಮಿತ್ರ ಕೀಟಗಳಿಗೆ ಮರಣಶಾಸನ. ಪೈರಿಥ್ರಾಯ್ಡ್‌ಗಳನ್ನು ಹಂಗಾಮಿನ ಆರಂಭದಲ್ಲಿ ಬಳಸದಿರುವುದು ಲೇಸು. ಬೀದರಿನ ಕೃಷಿ ವಿಜ್ಞಾನ ಕೇಂದ್ರದವರನ್ನೂ ರೈತ ಸಂಪರ್ಕ ಕೇಂದ್ರದವರನ್ನೂ ಅಂಗಡಿಗೆ ಹೋಗುವ ಮೊದಲು ಕೇಳುವುದು ಒಳಿತು, ಅಂಗಡಿಗೆ ಹೋದ ಮೇಲೆ ಅಲ್ಲ. ತೊಗರಿಯ ನಡುವೆ ಜೋಳದ ಅಕ್ಕಡಿ ಸಾಲಿದ್ದರೆ ಗುಲಗಂಜಿ ಹುಳು, ಜೇಡಗಳಿಗೆ ಆಶ್ರಯ ದೊರೆಯುವುದಲ್ಲದೆ, ಕೀಡೆ ಹೆಕ್ಕುವ ಕಾಜಾಣ, ಗೊರವಂಕಗಳಿಗೆ ತೆನೆಗಳೇ ಕೂರುವ ಮೆಟ್ಟಾಗುತ್ತವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮಿತ್ರ ಕೀಟಕ್ಕೆ ಮೃದುವಾದ ಔಷಧ ಮನುಷ್ಯನಿಗೂ ಮೃದುವೆಂದು ತಿಳಿಯುವಂತಿಲ್ಲ. ಎಂಡೋಸಲ್ಫಾನ್ ಜೇನ್ನೊಣಕ್ಕೂ ಹಲವು ಪರಭಕ್ಷಕಗಳಿಗೂ ಬೇರೆ ಔಷಧಗಳಿಗಿಂತ ಕಡಿಮೆ ಅಪಾಯಕಾರಿಯೆಂದು ಬಹುಕಾಲ ಪಠ್ಯಗಳಲ್ಲಿಯೇ ಹೊಗಳಿಸಿಕೊಂಡ ಔಷಧ. ಕಾಸರಗೋಡಿನ ಎಣ್ಮಕಜೆ ಮೊದಲಾದ ಕನ್ನಡ, ತುಳು, ಮಲೆಯಾಳ ಬೆರೆತ ಊರುಗಳ ಗೇರುತೋಟಗಳ ಮೇಲೆ 2000ದವರೆಗೆ ಅದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದ ಪರಿಣಾಮವಾಗಿ ಜನರು ಅನುಭವಿಸಿದ ಯಾತನೆ ಎಲ್ಲರಿಗೂ ತಿಳಿದದ್ದೇ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ತಡೆಯಿತು. ಅಲ್ಲಿ ಹೊಡೆದದ್ದು ಗೇರಿನ ಟೀ ಸೊಳ್ಳೆ ಎಂಬ ತಿಗಣೆಗಾಗಿ. ಆ ತಿಗಣೆಯನ್ನು ಬೇಟೆಯಾಡುವ ಕೆಂಪು ಚಗಳಿ ಇರುವೆಯ ಎಲೆಗೂಡುಗಳು ಅದೇ ಮರಗಳಲ್ಲಿ ಇರುವಂಥವು.

ಶಾಲೆಗಳಲ್ಲಿ ಮಾಡಬಹುದಾದುದು

ಮಿತ್ರ ಕೀಟಗಳ ಪರಿಚಯ ಪುಸ್ತಕದ ಚಿತ್ರದಿಂದ ಆಗುವುದಕ್ಕಿಂತ ಹೊಲದ ಬದುವಿನಲ್ಲಿ ಬೇಗ ಆಗುತ್ತದೆ. ಗ್ರಾಮಾಂತರದ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಅನೇಕರು ಒಕ್ಕಲು ಮನೆಯವರು. ನವೆಂಬರಿನಿಂದ ಜನವರಿಯವರೆಗೆ ವಾರಕ್ಕೊಮ್ಮೆ ಹತ್ತಿರದ ಒಂದು ತೊಗರಿ ಹೊಲದಲ್ಲಿ ಇಪ್ಪತ್ತು ಗಿಡಗಳನ್ನು ನೋಡಿ, ಒಂದು ಕಡೆ ಕೀಡೆ ಮತ್ತು ಮೊಟ್ಟೆ, ಇನ್ನೊಂದು ಕಡೆ ಜೇಡ, ಗುಲಗಂಜಿ ಹುಳು, ಜಾಲರೆಕ್ಕೆಯ ಮೊಟ್ಟೆಗಳನ್ನು ಎಣಿಸಿ ಬರೆದಿಡಲು ವಿಜ್ಞಾನದ ಅಧ್ಯಾಪಕರಿಗೆ ಒಂದು ನೋಟುಪುಸ್ತಕ ಸಾಕು. ಔಷಧ ಹೊಡೆದ ಮುನ್ನಾದಿನದ ಎಣಿಕೆಯನ್ನೂ ಹತ್ತು ದಿನಗಳ ನಂತರದ ಎಣಿಕೆಯನ್ನೂ ಪಕ್ಕಪಕ್ಕ ಇಟ್ಟರೆ ಈ ಲೇಖನದ ಎರಡನೆಯ ಭಾಗವನ್ನು ಯಾರೂ ಬೋಧಿಸಬೇಕಾಗಿಲ್ಲ. ಹೊಡೆದ ಹೊಲದೊಳಕ್ಕೆ ಮಕ್ಕಳನ್ನು ಆ ಹತ್ತು ದಿನ ಬಿಡಬಾರದೆಂಬುದನ್ನು ಮಾತ್ರ ಅಧ್ಯಾಪಕರು ಕಟ್ಟುನಿಟ್ಟಾಗಿ ಪಾಲಿಸಬೇಕು.

ಇನ್ನೂ ಸುಲಭವಾದ ಪ್ರಯೋಗವೊಂದಿದೆ. ಹೇನು ಹತ್ತಿದ ಕುಸುಬೆಯ ಅಥವಾ ಜೋಳದ ತುಂಡೊಂದನ್ನು ಗಾಜಿನ ಲೋಟದಲ್ಲಿಟ್ಟು, ಔಷಧ ಹೊಡೆಯದ ಹೊಲದಿಂದ ತಂದ ಆ ಮೊಸಳೆಯಾಕಾರದ ಮರಿಹುಳು ಒಂದನ್ನು ಅದರಲ್ಲಿ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಬೇಕು. ಒಂದು ಲೋಟಕ್ಕೆ ಒಂದೇ ಮರಿ. ಎರಡಿದ್ದರೆ ಹಸಿವಾದಾಗ ಒಂದು ಇನ್ನೊಂದನ್ನು ತಿನ್ನಬಹುದು. ದಿನವೂ ಎಣಿಸಿ ಹೇನು ಕೊಡಬೇಕು, ಎಷ್ಟು ಉಳಿಯಿತೆಂದು ಬರೆಯಬೇಕು. ವಾರದ ಆಸುಪಾಸಿನಲ್ಲಿ ಅದು ತಿನ್ನುವುದನ್ನು ನಿಲ್ಲಿಸಿ, ಬಾಲದ ತುದಿಯಿಂದ ಎಲೆಗೆ ಅಂಟಿಕೊಂಡು, ಬಾಗಿ ಗುಂಡಗಾಗಿ ಕೋಶವಾಗುತ್ತದೆ. ಮತ್ತೆ ನಾಲ್ಕೈದು ದಿನಗಳಲ್ಲಿ ಒಂದು ಮುಂಜಾನೆ ಕೋಶ ಬಿರಿದು, ಇನ್ನೂ ಚುಕ್ಕೆ ಮೂಡದ, ಮೆತ್ತಗಿನ ಹಳದಿ ರೆಕ್ಕೆಯ ಹುಳು ಹೊರಬರುತ್ತದೆ. ಗಂಟೆ ಕಳೆದಂತೆ ರೆಕ್ಕೆ ಗಟ್ಟಿಯಾಗಿ, ಬಣ್ಣ ಕೆಂಪೇರಿ, ಚುಕ್ಕೆಗಳು ಒಂದೊಂದಾಗಿ ಮೂಡುವುದನ್ನು ಮಕ್ಕಳು ಶಾಲೆಯ ಗಂಟೆ ಬಾರಿಸುವುದರೊಳಗೆ ನೋಡಿ ಮುಗಿಸಬಹುದು.